ಬುಡನ್ ಸಾಬರ ಪಾಲು

ಅಬ್ಬನ ಮೂಗು ಸಾಗರದ ಪೇಟೆಗೆಲ್ಲ ಗೊತ್ತು.
ಗೋಣಿಯಿಂದ ಒಂದೊಂದೇ ಖಾಲಿ ಬಾಟಲಿ ತೆಗೆದು
ಅದರ ಬಾಯಿಗೆ ಮೂಗಿಟ್ಟು, ಕಣ್ಣು ಮುಚ್ಚಿ:
‘ಇದು ಸೀಮೆಎಣ್ಣೆ.’
‘ಇದು ಫಿನಾಯಿಲು, ಆಚೆಗಿಡು.’
‘ಇದರಲ್ಲಿ ಯಾರೋ ತಲೆಗೆಣ್ಣೆ ಇಟ್ಟಿದ್ದರು,
ಪಾಪ, ಕೂದಲು ಉದುರುವವರು.’
ಗುಜರಿಯದು ಗುಜರಿಗೆ.
ಉಳಿದ ನೂರಾ ನಲವತ್ತು
ಇಗರ್ಜಿಯ ಹಿಂದಿನ ಓಣಿಗೆ.

ಬೂದಿ, ಒಂದು ಹಿಡಿ ಸಣ್ಣ ಜಲ್ಲಿ, ನೀರು.
ಕುಲುಕುವ ಕೆಲಸ ನನ್ನದು.
ಒಂದು ತೊಟ್ಟೂ ಕುಡಿಯದ ನಮ್ಮ ಮನೆಯಂಗಳದಲ್ಲಿ
ಕುಡಿಯುವವರ ಗಾಜು
ಬಿಸಿಲಿಗೆ ಬೋರಲು ಬಿದ್ದು ಹೊಳೆಯುತ್ತಿತ್ತು.
‘ಒಳಗಿಂದು ನಮ್ಮದಲ್ಲ’ ಅನ್ನುತ್ತಿದ್ದ ಅಬ್ಬ,
‘ಗಾಜು ಮಾತ್ರ ಸುಳ್ಳು ಹೇಳಬಾರದು.’

ಓಣಿಯಲ್ಲಿ ಹನ್ನೊಂದು ಮನೆ.
ಮೃಗಶಿರ ಹುಟ್ಟುವ ಹೊತ್ತಿಗೆ
ರಿಪ್ಪನ್‌ಪೇಟೆ ಬಸ್ಸಿನ ತಲೆಯಿಂದ ನೇರಳೆ ಬುಟ್ಟಿ ಇಳಿದರೆ
ಪೂಜೆಗೆ ನಿಂತ ಹುಡುಗರ ನಾಲಿಗೆಯೂ ನೀಲಿ.
ಭರಣಿಗೆ ಹಣ್ಣು, ಗೋಧಿ, ಸಕ್ಕರೆ, ನಾಲ್ಕು ಲವಂಗ,
ಇಪ್ಪತ್ತೊಂದು ದಿನ ಮರದ ಸೌಟು, ಒಂದೇ ದಿಕ್ಕಿಗೆ.
ಆಮೇಲೆ ಕೋಣೆಯ ಚಿಲಕಕ್ಕೆ
ಗರಿಗಳ ಭಾನುವಾರದ ಒಣ ಗರಿಯ ಶಿಲುಬೆ.
ಅದನ್ನು ಕಟ್ಟಿದ ಮೇಲೆ ಒಳಗೆ ಯಾರೂ ಹೋಗುವಂತಿಲ್ಲ,
ಗಂಡಸರು, ಮಕ್ಕಳು, ಪಾದ್ರಿಗಳು ಕೂಡ.
ಬೆಕ್ಕು ಹೋಗಬಹುದು, ಇಲಿಯ ಲೆಕ್ಕದಲ್ಲಿ.

ಡಿಸೆಂಬರಿನ ಮೂರನೆಯ ಭಾನುವಾರ
ಕಾಂಪೌಂಡಿನ ಮೇಲೆ ಮನೆಗೊಂದು ಲೋಟ.
ಓಣಿಗೆ ಓಣಿಯೇ ಗುಟುಕರಿಸುತ್ತ, ಮುಖ ಕಿವಿಚುತ್ತ ನಡೆದು
ಯಾರದು ಎಲ್ಲಕ್ಕಿಂತ ಹುಳಿಯೋ
ಅವರ ಮನೆಯಲ್ಲೇ ಅವತ್ತು ಎಲ್ಲರಿಗೂ ಸಾನ್ನ, ಕೋಳಿಸಾರು.
ಪಾಸ್ಕಲಣ್ಣ ಏಳು ವರ್ಷ ಸತತ ಸೋತ.
ಬೇಕೆಂದೇ, ಅನ್ನುತ್ತಾರೆ.
ಹೆಂಡತಿ ಹೋದ ಮೇಲೆ ಅವನ ಜಗಲಿಯ ಬೆಂಚು
ತುಂಬುತ್ತಿದ್ದದ್ದು ಆ ಒಂದೇ ದಿನ.

ರೆಮೆದಿ ಬಾಯಮ್ಮ ಎಂದೂ ಸೋತವಳಲ್ಲ.
ಹಣ್ಣು ಹಿಂಡುವ ದಿನ ಮೊದಲ ರಸ ಬೇರೆಯಿಟ್ಟು
ಸಕ್ಕರೆ ಹಾಕಿ ಕುದಿಸಿ, ಬಾಟಲಿಗಿಳಿಸಿ,
ಚೀಟಿ ಅಂಟಿಸುತ್ತಿದ್ದಳು: ಬುಡನ್ ಸಾಬ್.
ಲೋಟಗಳ ಆ ಭಾನುವಾರ
ಅಬ್ಬನ ಕೈಗೂ ಒಂದು ಲೋಟ ಶರಬತ್ತು.
‘ನಿಮ್ಮದು ಯಾವತ್ತೂ ಗೆಲ್ಲೋದಿಲ್ಲ ಸಾಬರೇ,
ಸೋಲೋದೂ ಇಲ್ಲ.’

ಆ ವರ್ಷ ಹೊಸ ತೆನೆಯ ಹಬ್ಬ ಕಳೆದ ಮೂರನೆಯ ದಿನ
ಅವಳು ಹೋದಳು.
ಡಿಸೆಂಬರಿನಲ್ಲಿ ಶಿಲುಬೆ ಬಿಚ್ಚಿದವಳು ಸೊಸೆ ಜೆಸಿಂತಾ.
ಭರಣಿಗಳ ಹಿಂದೆ ಬಾಟಲಿ ಇತ್ತು, ಚೀಟಿಯೂ,
ಅಕ್ಷರ ಮಾತ್ರ ಇಳಿಜಾರಿಗೆ ಬಿದ್ದಿತ್ತು.
ಅಬ್ಬ ಮುಚ್ಚಳ ತಿರುಗಿಸಿದ.
ಉಸ್ಸೆಂದಿತು. ನೊರೆ ಮಣಿಕಟ್ಟಿಗಿಳಿಯಿತು.

ಕುದಿಸಿರಲಿಲ್ಲ.
ಒಲೆಯ ಮುಂದೆ ನಿಲ್ಲುವ ಶಕ್ತಿ
ಜೂನಿನಲ್ಲೇ ಇರಲಿಲ್ಲವಂತೆ ಅವಳಿಗೆ.

ಅಬ್ಬನ ಮೂಗಿಗೆ ಹೇಳಿಕೊಡಬೇಕೇ?
ಹನ್ನೊಂದು ಮನೆ ಅವನನ್ನೇ ನೋಡುತ್ತಿತ್ತು.
ಚೆಲ್ಲಲಿಲ್ಲ. ವಾಪಸು ಕೊಡಲಿಲ್ಲ.
ಮುಚ್ಚಳ ಹಾಕಿ ಸೈಕಲ್ಲಿನ ಕ್ರೇಟಿನಲ್ಲಿಟ್ಟ.
ದಾರಿಯುದ್ದಕ್ಕೂ ಖಾಲಿಗಳು ಗಲಗಲ,
ನಡುವೆ ಅದೊಂದೇ ಮೂಕ.

‘ಮನೆಯೊಳಗೆ ಬೇಡ’ ಅಂದಳು ಅಮ್ಮಿ.
ಗುಜರಿ ಶೆಡ್ಡಿನಲ್ಲಿ, ತಕ್ಕಡಿಯ ಹಿಂದೆ,
ಮುಚ್ಚಳ ತೆಗೆದು ಬಾಯಿಗೆ ಬಟ್ಟೆ ಕಟ್ಟಿ ಇಟ್ಟ.
ಏನೂ ಬೆರೆಸಲಿಲ್ಲ. ಯಾರನ್ನೂ ಕೇಳಲಿಲ್ಲ.
ಪ್ರತಿ ಜುಮ್ಮಾ ನಮಾಜು ಮುಗಿಸಿ ಬಂದು
ಬಟ್ಟೆಯ ಮೇಲಿಂದ ಒಮ್ಮೆ ಮೂಸಿ
‘ಇನ್ನೂ ಇಲ್ಲ’ ಅನ್ನುತ್ತಿದ್ದ.
ನಾನು ಆಡಿಕೊಂಡು ನಗುತ್ತಿದ್ದೆ.

ಏಪ್ರಿಲಿನ ಒಂದು ಶುಕ್ರವಾರ
ಮೂಸಿ, ತಲೆ ಹಿಂದಕ್ಕೆಳೆದು, ಸೀನಿದ.
ಕಣ್ಣಲ್ಲಿ ನೀರು. ಹುಳಿಗೋ, ಮತ್ತೊಂದಕ್ಕೋ.
‘ಸಿರ್ಕಾ ಆಯ್ತು,’ ಅಂದ, ‘ಈಗ ನಮ್ಮದು.’

ಅಮ್ಮಿ ಈರುಳ್ಳಿ ಹೆಚ್ಚಿದಳು, ಹಸಿಮೆಣಸು ಸೀಳಿದಳು.
ಅಕ್ಕಿ ರೊಟ್ಟಿಯ ಜೊತೆ ನಾವು ಐವರೂ
ಮಾತಿಲ್ಲದೆ ತಿಂದೆವು.
ಬಟ್ಟಲಿನ ಅಂಚಿಗೆ ನೇರಳೆ ಬಣ್ಣ ಹಿಡಿದಿತ್ತು.
ಅರ್ಧ ಬಾಟಲಿ ಓಣಿಗೆ ಹೋಯಿತು,
ಜೆಸಿಂತಾಳ ಮೀನಿನ ಉಪ್ಪಿನಕಾಯಿಗೆ.

ಮುಂದಿನ ಮೃಗಶಿರಕ್ಕೆ
ರಸ ಕುದಿಸುವುದನ್ನು ಅವಳು ಮರೆಯಲಿಲ್ಲ.
ಸಕ್ಕರೆ ಮಾತ್ರ ಜಾಸ್ತಿ, ಹಲ್ಲಿಗೆ ಅಂಟುವಷ್ಟು.
ಲೋಟ ಬರಿದು ಮಾಡಿದ ಅಬ್ಬ
ಬಾಟಲಿಯನ್ನು ತೊಳೆಯಲು ನನ್ನ ಕೈಗಿತ್ತ,
ಏನೂ ಹೇಳಲಿಲ್ಲ.